ಎದಿ ಧಸಕ್ ಅಂತು: ಕೃಷ್ಣಾತೀರದ ಗಡಿಸೀಮೆಯ ಅನುಕರಣ ಶಬ್ದಗಳು

ಪಟಪಟ, ಗಣಗಣ, ಧಗಧಗ, ಸುಂಯ್ ಎಂಬಂಥ ಪದಗಳನ್ನು ಕನ್ನಡದ ವ್ಯಾಕರಣಗಳು ಅನುಕರಣಾವ್ಯಯಗಳೆಂದು ಕರೆಯುತ್ತವೆ; ಕಿವಿಗೆ ಬಿದ್ದ ದನಿಯನ್ನೋ ಕಣ್ಣಿಗೆ ಕಂಡ ಚಲನೆಯನ್ನೋ ಮೈಯೊಳಗೆ ಹಾದುಹೋದ ಅನುಭವವನ್ನೋ ನಾಲಗೆಯ ಮೇಲೆ ಇನ್ನೊಮ್ಮೆ ಮಾಡಿ ತೋರಿಸುವುದು ಅವುಗಳ ಕೆಲಸವಾದ್ದರಿಂದ ಆ ಹೆಸರು ಅವಕ್ಕೆ ತಕ್ಕುದಾಗಿಯೇ ಇದೆ. ಬೆಳಗಾವಿ ಜಿಲ್ಲೆಯ ಉತ್ತರ ಮತ್ತು ವಾಯವ್ಯದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ, ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ಕಪ್ಪು ನೆಲದಲ್ಲಿ, ಈ ಪದಗಳಿಗೆ ಬೇರೆ ಸೀಮೆಗಳಲ್ಲಿ ಕಾಣದ ಒಂದು ಇತಿಹಾಸವಿದೆ. ಇಲ್ಲಿ ಒಂದೇ ಓಣಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ, ಕನ್ನಡವೂ ಮರಾಠಿಯೂ ನಡೆಯುತ್ತವೆ. ಆದ್ದರಿಂದ ಮಳೆ ಧೋ ಎಂದು ಸುರಿದಾಗ, ಎದೆ ಧಡಧಡ ಎಂದಾಗ, ಆ ದನಿಯು ಯಾವ ಭಾಷೆಯ ಸೊತ್ತು ಎಂಬ ಪ್ರಶ್ನೆಗೆ ಉತ್ತರವನ್ನು ದನಿಯಲ್ಲಿ ಹುಡುಕಿದರೆ ಸಿಗದು, ಅದರ ಬೆನ್ನಿಗೆ ಬರುವ ಕ್ರಿಯಾಪದದಲ್ಲಿ ಹುಡುಕಬೇಕಾಗುತ್ತದೆ.

ಈ ನೆಲ ಹಲವು ಅರಸರ ಕೈಯಿಂದ ಕೈಗೆ ದಾಟಿದೆ. ಶಾಸನಗಳಲ್ಲಿ ಹೂವಿನಬಾಗೆ ಎಂದು ಕರೆಸಿಕೊಂಡ ರಾಯಬಾಗವು ರಟ್ಟರ ಕಾಲದಲ್ಲಿ ಹೆಸರಾಗಿತ್ತು. ಪಶ್ಚಿಮಕ್ಕೆ ಕೊಲ್ಲಾಪುರದ ಶಿಲಾಹಾರರ ಆಳ್ವಿಕೆ ಹಬ್ಬಿತ್ತು. ಆ ಎರಡೂ ಮನೆತನಗಳ ಆಶ್ರಯದಲ್ಲಿ ಕನ್ನಡದ ಜೈನ ಕವಿಗಳು ಪುರಾಣಗಳನ್ನು ಬರೆದರು. ಮುಂದೆ ಮರಾಠರ ಆಡಳಿತ, ಅದರ ನಂತರ ಬ್ರಿಟಿಷರ ಮುಂಬಯಿ ಪ್ರಾಂತ. ಚಿಕ್ಕೋಡಿ ಮತ್ತು ಅಥಣಿಗಳು ಬ್ರಿಟಿಷ್ ಬೆಳಗಾವಿ ಜಿಲ್ಲೆಗೆ ಸೇರಿದ್ದಾಗ ರಾಯಬಾಗವು ಕೊಲ್ಲಾಪುರ ಸಂಸ್ಥಾನದ ಭಾಗವಾಗಿಯೇ ಉಳಿದು, 1949ರಲ್ಲಿ ಆ ಸಂಸ್ಥಾನವು ವಿಲೀನಗೊಂಡ ಮೇಲೆ ಬೆಳಗಾವಿಗೆ ಬಂದಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಗಡಿಯ ಗೆರೆ ಬಿದ್ದಿತು. ಕಾಗದಪತ್ರದ ಭಾಷೆ, ಶಾಲೆಯ ಭಾಷೆ, ಪೇಟೆಯ ಭಾಷೆ ಹೀಗೆ ಮೇಲಿಂದ ಮೇಲೆ ಬದಲಾಗುತ್ತ ಬಂದರೂ, ಹೊಲ, ಗಾಣ, ಅಡಿಗೆಮನೆ, ಜಾತ್ರೆಗಳಲ್ಲಿ ಹುಟ್ಟುವ ದನಿಪದಗಳಿಗೆ ಯಾವ ಆಡಳಿತವೂ ಆಜ್ಞೆ ಹೊರಡಿಸಲಿಲ್ಲ.

ದನಿಪದಗಳ ಬಗೆಗಿನ ಶಾಸ್ತ್ರೀಯ ವಿಚಾರ ಭಾರತದಲ್ಲಿ ಬಹಳ ಹಿಂದೆಯೇ ಆರಂಭವಾಯಿತು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಇವಕ್ಕೆ ಅವ್ಯಕ್ತಾನುಕರಣ ಎಂಬ ಹೆಸರಿದೆ; ಅಕ್ಷರಗಳಾಗಿ ಒಡೆದು ಹೇಳಲಾಗದ ದನಿ ಅವ್ಯಕ್ತ, ಅದನ್ನು ಬಾಯಿಯಿಂದ ಮಾಡಿ ತೋರಿಸುವುದು ಅನುಕರಣ. ಪಾಣಿನಿಯು ಇಂಥ ಪದಗಳಿಗೆ ಎರಡು ದಾರಿಗಳನ್ನು ಗುರುತಿಸುತ್ತಾನೆ. ಒಂದು ದಾರಿಯಲ್ಲಿ ದನಿಪದದ ಮುಂದೆ ‘ಹೀಗೆಂದು’ ಎಂಬ ಅರ್ಥದ ‘ಇತಿ’ ಬರುತ್ತದೆ. ಇನ್ನೊಂದು ದಾರಿಯಲ್ಲಿ ‘ಇತಿ’ ಇಲ್ಲದೆ, ಮಾಡು, ಆಗು, ಇರು ಎಂಬರ್ಥದ ಧಾತುಗಳೊಡನೆ ಅದು ಕೂಡಿಕೊಳ್ಳುತ್ತದೆ. ಈ ಎರಡನೆಯ ನಿಯಮಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ ‘ಪಟಪಟಾಕರೋತಿ’, ಅಂದರೆ ‘ಪಟಪಟ ಮಾಡುತ್ತದೆ’. ನಿಪ್ಪಾಣಿಯ ಪೇಟೆಯಲ್ಲಿ ಇಂದಿಗೂ ಕೇಳಿಬರುವ ಪದವೊಂದು ಅಷ್ಟು ಹಿಂದಿನ ವ್ಯಾಕರಣ ಪರಂಪರೆಯಲ್ಲಿ ಅದೇ ರೂಪದಲ್ಲಿ ಸಿಗುವುದು ಗಮನಿಸತಕ್ಕದ್ದು; ಆದರೆ ಅದಕ್ಕಿಂತ ಮಹತ್ವದ್ದು ಆ ಎರಡು ದಾರಿಗಳ ಭೇದ, ಏಕೆಂದರೆ ಕೃಷ್ಣಾತೀರದಲ್ಲಿ ಕನ್ನಡವೂ ಮರಾಠಿಯೂ ಬೇರೆಯಾಗುವುದು ಸರಿಯಾಗಿ ಅದೇ ಕವಲಿನಲ್ಲಿ.

ಎದೆಗೆ ಒಮ್ಮೆಲೇ ಭಯ ತಾಗಿದ ಗಳಿಗೆಯನ್ನು ತೆಗೆದುಕೊಳ್ಳಬಹುದು. ಅಥಣಿಯ ಕನ್ನಡದ ಮನೆಯಲ್ಲಿ ‘ಎದಿ ಧಸಕ್ ಅಂತು’ ಎನ್ನುತ್ತಾರೆ. ಮರಾಠಿಯ ಮನೆಯಲ್ಲಿ ‘ಛಾತೀತ್ ಧಸ್ಸ್ ಝಾಲಂ’ ಎನ್ನುತ್ತಾರೆ. ದನಿ ಬಹುಮಟ್ಟಿಗೆ ಒಂದೇ. ಕನ್ನಡದಲ್ಲಿ ಎದೆಯು ಧಸಕ್ ಎಂದು ಹೇಳುತ್ತದೆ, ಮರಾಠಿಯಲ್ಲಿ ಎದೆಯೊಳಗೆ ಧಸ್ಸ್ ಆಗುತ್ತದೆ. ಕನಿಕರ ಹುಟ್ಟಿದಾಗ ಕನ್ನಡದ ಕರುಳು ‘ಚುರ್ ಅಂತು’, ಮರಾಠಿಯ ಕಾಳಜಾದಲ್ಲಿ, ಅಂದರೆ ಹೃದಯದಲ್ಲಿ, ‘ಚರ್ರ್ ಝಾಲಂ’. ಹೊಟ್ಟೆ ಕೆಟ್ಟಾಗ ಕನ್ನಡದವರಿಗೆ ‘ಹೊಟ್ಟಿ ಗುಡುಗುಡು ಅಂತೈತಿ’, ಮರಾಠಿಯವರಿಗೆ ‘ಪೋಟಾತ್ ಗುಡಗುಡ್ ಹೋತಂಯ್’. ಕನ್ನಡದ ಕಿವಿಗೆ ಜಗತ್ತಿನ ಪ್ರತಿಯೊಂದು ವಸ್ತುವೂ ಮಾತಾಡುತ್ತದೆ: ಗಾಳಿ ಸುಂಯ್ ಅನ್ನುತ್ತದೆ, ಕಾಲು ಜುಮ್ ಅನ್ನುತ್ತದೆ, ತಲೆ ಗಿರ್ ಅನ್ನುತ್ತದೆ, ಹೊಸ ಪಾತ್ರೆ ಥಳಥಳ ಅನ್ನುತ್ತದೆ. ಥಳಥಳಕ್ಕೆ ದನಿಯೇ ಇಲ್ಲ, ಅದು ಬರಿಯ ಹೊಳಪು. ಆದರೂ ಕನ್ನಡವು ಹೊಳಪಿಗೂ ನಾಲಗೆ ಕೊಟ್ಟು ‘ಎನ್ನು’ ಧಾತುವಿನಿಂದಲೇ ಅದನ್ನು ಹೇಳಿಸುತ್ತದೆ. ಮರಾಠಿಯು ಮಾಡು, ಆಗು ಎಂಬ ಧಾತುಗಳನ್ನು ಹಿಡಿಯುತ್ತದೆ, ಅಥವಾ ದನಿಪದಕ್ಕೇ ನೇರವಾಗಿ ಕ್ರಿಯಾಪ್ರತ್ಯಯ ಹಚ್ಚಿ ಫಡಫಡಣೆ, ಗಡಗಡಣೆ ಎಂಬ ಧಾತುಗಳನ್ನು ಕಟ್ಟಿಕೊಳ್ಳುತ್ತದೆ. ಕನ್ನಡದಲ್ಲಿಯೂ ಥಳಥಳಿಸು, ಬಡಬಡಿಸು ಎಂಬ ರೂಪಗಳುಂಟು. ಆದರೆ ಅವು ಬರವಣಿಗೆಗೆ ಹೆಚ್ಚು ಒಗ್ಗಿದವು, ಆಡುಮಾತಿನ ನಡೆ ‘ಅನ್ನು’ವಿನ ಕಡೆಗೇ.

ಇದೇ ಕವಲನ್ನು ದೂರದ ಜಪಾನೀ ಭಾಷೆಯೂ ತೋರಿಸುತ್ತದೆ. ಜಪಾನೀಯರು ನಿಜವಾದ ದನಿಯನ್ನು ಅನುಕರಿಸುವ ಪದಗಳನ್ನು ಗಿಓಂಗೊ ಎಂದೂ, ದನಿಯಿಲ್ಲದ ಸ್ಥಿತಿಯನ್ನೋ ಚಲನೆಯನ್ನೋ ದನಿಯ ರೂಪದಲ್ಲಿ ಹೇಳುವ ಪದಗಳನ್ನು ಗಿತಾಯಿಗೊ ಎಂದೂ ಬೇರ್ಪಡಿಸುತ್ತಾರೆ; ಕನ್ನಡದ ಗಣಗಣ ಮೊದಲನೆಯ ವರ್ಗಕ್ಕೂ ಥಳಥಳ ಎರಡನೆಯದಕ್ಕೂ ಸಲ್ಲುತ್ತವೆ. ಎದೆ ಬಡಿತಕ್ಕೆ ಅವರ ಪದ ‘ದೋಕಿದೋಕಿ’, ಹೊಳಪಿಗೆ ‘ಪಿಕಾಪಿಕಾ’, ಸದ್ದೇ ಇಲ್ಲದ ಮೌನಕ್ಕೂ ‘ಶೀನ್’ ಎಂಬ ದನಿಪದವಿದೆ. ಈ ಪದಗಳು ‘ಮಾಡು’ ಎಂಬರ್ಥದ ‘ಸುರು’ ಧಾತುವಿನೊಡನೆ ಸೇರಿ ಕ್ರಿಯಾಪದವಾಗುತ್ತವೆ. ಹಾಗೆಯೇ ‘ತೊ’ ಎಂಬ ಅವ್ಯಯದೊಡನೆ ಸೇರಿ ಕ್ರಿಯಾವಿಶೇಷಣವಾಗುತ್ತವೆ, ಮತ್ತು ಆ ‘ತೊ’ ಎಂಬುದು ಇತರರ ಮಾತನ್ನು ಉದ್ಧರಿಸುವಾಗ ಬಳಸುವ ಅವ್ಯಯವೇ, ಅಂದರೆ ಕನ್ನಡದ ‘ಅಂತ’ಕ್ಕೆ ಸಮಾನ. ಬಾಗಿಲು ಬಡಿದುಕೊಂಡ ಬಗೆಯನ್ನು ಜಪಾನೀಯರು ‘ಬತಾನ್ ಅಂತ’ ಹೇಳುತ್ತಾರೆ, ಚಿಕ್ಕೋಡಿಯವರು ‘ಧಡ್ ಅಂತ’ ಹೇಳುತ್ತಾರೆ. ಇಂಥ ಹೋಲಿಕೆಗಳನ್ನು ಕಂಡು ದ್ರಾವಿಡ ಮತ್ತು ಜಪಾನೀ ಭಾಷೆಗಳಿಗೆ ರಕ್ತಸಂಬಂಧ ಕಟ್ಟಲು ಹೊರಟವರುಂಟು. ಜಪಾನಿನ ವಿದ್ವಾಂಸ ಸುಸುಮು ಓನೊ ತಮಿಳಿನ ವಿಷಯದಲ್ಲಿ ಅಂಥ ವಾದವನ್ನು ಬಹುಕಾಲ ಮಂಡಿಸಿದ, ಆದರೆ ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ. ಹೋಲಿಕೆಯು ನಂಟಿನಿಂದ ಮಾತ್ರ ಬರುವುದಿಲ್ಲ. ನೆರೆಯಿಂದಲೂ ಬರುತ್ತದೆ, ಮನುಷ್ಯರ ಕಿವಿ ಒಂದೇ ಬಗೆಯದಾಗಿರುವುದರಿಂದಲೂ ಬರುತ್ತದೆ. ಕೃಷ್ಣಾತೀರದ ಇತಿಹಾಸವನ್ನು ಓದುವಾಗ ಈ ಮೂರನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಅಗತ್ಯ.

ನೆರೆಯ ಕಥೆಗೆ ಈ ಸೀಮೆಯಲ್ಲಿಯೇ ಹುಟ್ಟಿದ ವಿದ್ವಾಂಸರೊಬ್ಬರ ಕೆಲಸ ಬೆಳಕು ಕೊಡುತ್ತದೆ. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆ ಅವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದು, ಪ್ರಾಕೃತ ಗ್ರಂಥಸಂಪಾದನೆಯಲ್ಲಿ ದೊಡ್ಡ ಹೆಸರು ಗಳಿಸಿದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪ್ರಾಕೃತದ ದೇಶೀ ಕೋಶಗಳಲ್ಲಿ, ಅಂದರೆ ಸಂಸ್ಕೃತದಿಂದ ಸಾಧಿಸಲಾಗದ ಪದಗಳ ಸಂಗ್ರಹಗಳಲ್ಲಿ, ಅಡಗಿರುವ ಕನ್ನಡ ಶಬ್ದಗಳನ್ನು ಕುರಿತು ಅವರು ತಮ್ಮ ತಾರುಣ್ಯದಲ್ಲಿಯೇ ಬರೆದರು. ಅವರು ಸಂಪಾದಿಸಿದ ಕೃತಿಗಳಲ್ಲಿ ಉದ್ಯೋತನಸೂರಿಯ ಕುವಲಯಮಾಲಾ ಎಂಬ ಪ್ರಾಕೃತ ಕಥಾಗ್ರಂಥವೂ ಒಂದು. ಕ್ರಿ.ಶ. 779ರಲ್ಲಿ ರಾಜಸ್ಥಾನದ ಜಾಲೋರದಲ್ಲಿ ಮುಗಿದ ಆ ಕೃತಿಯಲ್ಲಿ ವಿಜಯಪುರಿಯೆಂಬ ಪಟ್ಟಣದ ಪೇಟೆಯ ವರ್ಣನೆ ಬರುತ್ತದೆ. ಅಲ್ಲಿ ನೆರೆದ ನಾನಾ ದೇಶಗಳ ವರ್ತಕರ ಮೈಕಟ್ಟು, ಸ್ವಭಾವ, ಮಾತುಗಳನ್ನು ಕವಿಯು ಒಂದೊಂದಾಗಿ ಚಿತ್ರಿಸುತ್ತಾನೆ. ಮರಾಠರ ಮಾತನ್ನೂ ಕರ್ನಾಟಕದವರ ಮಾತನ್ನೂ ಅವನು ಎರಡು ಮೂರು ಪದಗಳ ತುಣುಕುಗಳಲ್ಲಿ ಹಿಡಿದಿಡುತ್ತಾನೆ. ಅರ್ಥವನ್ನು ಪಕ್ಕಕ್ಕಿಟ್ಟು, ದೂರದಿಂದ ಕೇಳಿದಾಗ ಒಂದು ಭಾಷೆ ಹೇಗೆ ಸದ್ದು ಮಾಡುತ್ತದೆ ಎಂಬುದನ್ನೇ ದಾಖಲಿಸುತ್ತಾನೆ. ಒಂದು ಜನದ ಮಾತನ್ನೇ ಅನುಕರಣ ಶಬ್ದವಾಗಿ ಮಾಡಿದ ಇಷ್ಟು ಹಳೆಯ ದಾಖಲೆ ಅಪರೂಪ. ಕನ್ನಡ ಮರಾಠಿಗಳೆರಡೂ ಬೆರೆತು ಹರಿಯುವ ದೂಧಗಂಗೆಯ ದಂಡೆಯ ಊರಿನಲ್ಲಿ ಬೆಳೆದ ಕಿವಿಯೇ ಆ ಗ್ರಂಥವನ್ನು ತಿದ್ದಿ ಹೊರತಂದಿತೆಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಕನ್ನಡದ ವ್ಯಾಕರಣಕಾರರಲ್ಲಿ ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣದ ಅವ್ಯಯ ಪ್ರಕರಣದಲ್ಲಿ ಅನುಕರಣಕ್ಕೆ ಸ್ಥಾನ ಕೊಟ್ಟನು. ಹಳಗನ್ನಡ ಕಾವ್ಯಗಳಲ್ಲಿ ಹೇರಳವಾಗಿ ಸಿಗುವ ‘ಭೋಂಕನೆ’ ಎಂಬಂಥ ರೂಪಗಳ ಕೊನೆಯಲ್ಲಿರುವ ‘ಅನೆ’ಯು ‘ಎನೆ’ ಎಂಬುದರ ಮಾರ್ಪಾಡು, ಅಂದರೆ ‘ಎನ್ನುವಂತೆ’. ಹೀಗಾಗಿ ಇಂದು ಪಠ್ಯಪುಸ್ತಕದಲ್ಲಿ ಬರುವ ಥಟ್ಟನೆ, ಸುಯ್ಯನೆ, ರೊಯ್ಯನೆಗಳ ಒಳಗೂ ಅದೇ ‘ಎನ್ನು’ ಧಾತುವಿದೆ. ನಾಲಗೆ ಸವೆಸಿದ್ದರಿಂದ ಅದು ಈಗ ಪ್ರತ್ಯಯದಂತೆ ಕಾಣುತ್ತದೆ, ಅಷ್ಟೆ. ಗಡಿಸೀಮೆಯ ಬಾಯಲ್ಲಿ ಅದು ಇನ್ನೂ ಸವೆದು ಪಟಕ್ನ, ಚಟಕ್ನ, ಸರಕ್ನ, ಗಟಕ್ನ ಎಂದಾಗಿದೆ. ಈಗ ಮರಾಠಿಯ ಕಡೆಗೆ ಕಿವಿಗೊಟ್ಟರೆ ಪಟಕನ್, ಚಟಕನ್, ಸರಕನ್, ಗಟಕನ್ ಎಂಬ ರೂಪಗಳು ಕೇಳಿಬರುತ್ತವೆ. ‘ಪಟಕ್ನ ಬಾ’ ಎಂಬ ಕನ್ನಡದ ಕರೆಗೂ ‘ಪಟಕನ್ ಯೇ’ ಎಂಬ ಮರಾಠಿಯ ಕರೆಗೂ ನಡುವೆ, ದನಿಪದದ ಮಟ್ಟಿಗೆ, ಕೂದಲೆಳೆಯ ಅಂತರವೂ ಉಳಿದಿಲ್ಲ. ರೂಪಸಾಮ್ಯ ಒಂದನ್ನೇ ಆಧಾರವಾಗಿಟ್ಟುಕೊಂಡು ಕೊಟ್ಟವರು ಇವರು, ಕೊಂಡವರು ಅವರು ಎಂದು ತೀರ್ಪು ಕೊಡುವುದು ಅವಸರವಾದೀತು. ಆದರೆ ಕನ್ನಡದ ರೂಪಕ್ಕೆ ‘ಎನೆ’ ಎಂಬ ಸ್ಪಷ್ಟವಾದ ಒಳಗಣ ಇತಿಹಾಸವಿದೆ ಎಂಬುದು ನಿಶ್ಚಿತ.

ಈ ಎರಡು ಭಾಷೆಗಳ ದನಿಪದಗಳನ್ನು ಮೊದಲು ವಿಪುಲವಾಗಿ ಅಚ್ಚಿಗೆ ತಂದವರು ಕೋಶಕಾರರು. ಜೇಮ್ಸ್ ಥಾಮಸ್ ಮೋಲ್ಸ್‌ವರ್ತ್‌ನ ಮರಾಠಿ ಕೋಶ 1831ರಲ್ಲಿ ಹೊರಬಂದು 1857ರಲ್ಲಿ ಪರಿಷ್ಕಾರಗೊಂಡಿತು. ಫರ್ಡಿನಾಂಡ್ ಕಿಟ್ಟೆಲ್‌ನ ಕನ್ನಡ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಬ್ಬರೂ ಅನುಕರಣ ಶಬ್ದಗಳನ್ನು ಹಳ್ಳಿಗರ ಮಾತೆಂದು ಬದಿಗೊತ್ತದೆ, ಇದು ಅನುಕರಣ ಎಂಬ ಸೂಚನೆಯೊಡನೆ ನಮೂದಿಸಿದರು. ಕಿಟ್ಟೆಲ್‌ನು ಮರಾಠಿಯ ಸಮಾನರೂಪಗಳನ್ನೂ ಜೊತೆಗೆ ಕೊಟ್ಟನು. ಆ ಎರಡು ಕೋಶಗಳನ್ನು ಎದುರುಬದುರು ಇಟ್ಟು ಓದಿದರೆ ಚಿಕ್ಕೋಡಿಯ ಒಂದು ಸಂತೆಯ ದಿನ ಕಿವಿಯ ಮುಂದೆ ನಿಲ್ಲುತ್ತದೆ. ಮುಂದೆ 1969ರಲ್ಲಿ ಅಮೆರಿಕದ ದ್ರಾವಿಡ ಭಾಷಾತಜ್ಞ ಎಂ. ಬಿ. ಎಮಿನೊ ಅವರು ಇಂಥ ಪದಗಳು ಆರ್ಯ ಮತ್ತು ದ್ರಾವಿಡ ಭಾಷೆಗಳೆರಡರಲ್ಲೂ ಹಂಚಿಕೊಂಡಿರುವುದನ್ನು ಪಟ್ಟಿಮಾಡಿ, ಭಾರತವು ಒಂದು ಭಾಷಾಪ್ರದೇಶವೆಂಬ ತಮ್ಮ ವಾದಕ್ಕೆ, ಎಂದರೆ ಬೇರೆಬೇರೆ ಕುಲದ ಭಾಷೆಗಳು ನೆರೆಯಲ್ಲಿ ಬಾಳಿ ಒಂದೇ ಚಹರೆ ಪಡೆದಿವೆ ಎಂಬ ವಾದಕ್ಕೆ, ಅದನ್ನು ಸಾಕ್ಷ್ಯವಾಗಿ ಒದಗಿಸಿದರು.

ನೆರೆಯಲ್ಲಿ ಬಾಳುವುದೆಂದರೆ ಏನು ಎಂಬುದನ್ನು ಹತ್ತಿರದಿಂದ ತೋರಿಸಿದ ಅಧ್ಯಯನ ನಡೆದದ್ದು ಕಾಗವಾಡದಿಂದ ದೂರವಿಲ್ಲದ, ಗಡಿಯಾಚೆ ಸಾಂಗ್ಲಿ ಜಿಲ್ಲೆಯಲ್ಲಿರುವ ಕುಪವಾಡದಲ್ಲಿ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಆ ಪ್ರಬಂಧವು, ಜೈನರು ಮತ್ತು ಲಿಂಗಾಯತರು ಕನ್ನಡ, ಮುಸಲ್ಮಾನರು ಉರ್ದು, ಇತರರು ಮರಾಠಿ ಮತ್ತು ಸ್ವಲ್ಪ ಜನ ತೆಲುಗು ಆಡುವ ಆ ಊರಿನಲ್ಲಿ, ತಲೆಮಾರುಗಳ ಒಡನಾಟದಿಂದ ಭಾಷೆಗಳ ವಾಕ್ಯರಚನೆಯು ಒಂದೇ ಅಚ್ಚಿಗೆ ಬಂದು, ಒಂದು ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ಬದಲಿಸಬಹುದಾದಷ್ಟು ಸಮೀಪವಾಗಿವೆ ಎಂದು ತೋರಿಸಿತು. ಶಬ್ದಗಳು ಮಾತ್ರ ಆಯಾ ಮನೆಯವೇ ಆಗಿ ಉಳಿದಿದ್ದವು. ಜಗತ್ತಿನ ಭಾಷಾಶಾಸ್ತ್ರದ ಪಠ್ಯಗಳಲ್ಲೆಲ್ಲ ಕುಪವಾಡದ ಹೆಸರು ಬರುತ್ತದೆ. ದನಿಪದಗಳ ವಿಷಯದಲ್ಲಿ ಮಾತ್ರ ವ್ಯವಹಾರ ತಿರುಗುಮುರುಗು: ಇಲ್ಲಿ ಶಬ್ದವೇ ಸಮಾನ, ಅದನ್ನು ವಾಕ್ಯಕ್ಕೆ ಕಟ್ಟುವ ಗಂಟು ಬೇರೆ. ಪ್ರತಿಧ್ವನಿ ಪದಗಳಲ್ಲಿಯೂ, ಅಂದರೆ ಒಂದು ಪದವನ್ನು ಮೊದಲ ಅಕ್ಷರ ಬದಲಿಸಿ ಮತ್ತೆ ಹೇಳುವ ಜೋಡಿಗಳಲ್ಲಿಯೂ, ಗುರುತು ಹೀಗೆಯೇ ಉಳಿದಿದೆ. ಕನ್ನಡದವರು ‘ಚಹಾ ಗಿಹಾ’ ಎನ್ನುತ್ತಾರೆ, ಮರಾಠಿಯವರು ‘ಚಹಾ ಬಿಹಾ’ ಎನ್ನುತ್ತಾರೆ. ಒಂದೇ ಅಂಗಡಿಯ ಒಂದೇ ಬಾಕಿನ ಮೇಲೆ ಕುಳಿತು ಒಂದೇ ಕೆಟಲಿನ ಚಹಾ ಕುಡಿಯುವವರ ಮನೆಮಾತು ಯಾವುದೆಂಬುದು ಆ ‘ಗಿ’ ಮತ್ತು ‘ಬಿ’ಗಳಲ್ಲಿ ತಿಳಿಯುತ್ತದೆ.

ದನಿ ಒಂದಾಗಿದ್ದು ಅರ್ಥ ಬೇರೆಯಾದ ಪದಗಳೂ ಕಡಿಮೆಯಿಲ್ಲ. ಕನ್ನಡದಲ್ಲಿ ‘ಚಕಚಕ’ ಎಂದರೆ ಬೇಗಬೇಗ, ಮರಾಠಿಯಲ್ಲಿ ‘ಚಕಚಕೀತ್’ ಎಂದರೆ ಹೊಳೆಯುವ. ಕನ್ನಡದಲ್ಲಿ ‘ಸಳಸಳ’ ಎಂದು ಎಸರು ಮರಳುತ್ತದೆ, ಮರಾಠಿಯಲ್ಲಿ ‘ಸಳಸಳ’ ಎಂದು ಎಲೆ ಅಲುಗುತ್ತದೆ. ಮರಾಠಿಯ ಎಸರು ಮರಳುವುದು ‘ಖದಖದ’ ಅಥವಾ ‘ರಟರಟ’ ಎಂದು. ಕಪ್ಪೆ ಕನ್ನಡದಲ್ಲಿ ವಟವಟ, ಮರಾಠಿಯಲ್ಲಿ ಡರಾವ್ ಡರಾವ್. ಮರಾಠಿಯಲ್ಲಿ ವಟವಟ ಎನ್ನುವುದು ಬಾಯಿ ಮುಚ್ಚದೆ ಹರಟುವ ಮನುಷ್ಯರಿಗೆ, ಮತ್ತು ಕನ್ನಡವೂ ಆ ಅರ್ಥವನ್ನು ಬಲ್ಲದು. ಹಕ್ಕಿಗಳ ಗುಂಪಿನ ದನಿ ಇಲ್ಲಿ ಚಿಲಿಪಿಲಿ, ಅಲ್ಲಿ ಕಿಲಬಿಲ. ಹುಂಜ ಕನ್ನಡದಲ್ಲಿ ಕೊಕ್ಕೊಕ್ಕೋ, ಮರಾಠಿಯಲ್ಲಿ ಕುಕೂಚಕೂ, ಮತ್ತು ಜಪಾನೀಯರ ಹುಂಜವು ‘ಕೊಕೆಕೊಕ್ಕೊ’ ಎನ್ನುತ್ತ ಮರಾಠಿಗಿಂತ ಕನ್ನಡಕ್ಕೇ ಹತ್ತಿರ ನಿಲ್ಲುತ್ತದೆ. ನಾಯಿಯನ್ನು ಓಡಿಸುವಾಗ ಕನ್ನಡದವರು ‘ಹಚಾ’ ಎನ್ನುವಲ್ಲಿ ಮರಾಠಿಯವರು ‘ಹಾಡ್’ ಎನ್ನುತ್ತಾರೆ. ಗಡಿಸೀಮೆಯ ನಾಯಿಗಳು ಎರಡಕ್ಕೂ ಜಾಗ ಬಿಡುತ್ತವೆ.

ಕೆಲವು ಜೋಡಿಪದಗಳು ದನಿಯ ಮೂಲವನ್ನೇ ಮರೆತು ಸಮಾಜದ ವ್ಯವಹಾರಕ್ಕೆ ಇಳಿದವು. ಮರಾಠಿಯ ಖಟಪಟ, ಎಂದರೆ ಪ್ರಯತ್ನ ಅಥವಾ ಒಳಹಂಚಿಕೆ, ಗಡಿಯ ಕನ್ನಡದಲ್ಲಿ ಖಟಪಟಿಯಾಗಿ, ‘ಬಾಳ ಖಟಪಟಿ ಮಾಡ್ಯಾನ’ ಎಂಬ ಮೆಚ್ಚುಗೆಯ ಮಾತಾಯಿತು. ಕಟಕಟ ಎಂಬುದು ಕಟಕಟಿಯಾಗಿ ತೊಂದರೆಯ ಹೆಸರಾಯಿತು. ಮರಾಠಿಯಲ್ಲಿ ಧಡಪಡ ಎಂದರೆ ಪಟ್ಟು ಹಿಡಿದ ಹೆಣಗಾಟ, ಕನ್ನಡದ ದಡಬಡದಲ್ಲಿ ಅವಸರದ ಸದ್ದು ಮಾತ್ರ ಉಂಟು. ಇವೆಲ್ಲಕ್ಕಿಂತ ದೂರ ನಡೆದ ಪದ ಚಳವಳಿ. ಚಂಚಲತೆ, ತಳಮಳ, ಸುಮ್ಮನಿರಲಾರದ ಅಲುಗಾಟವನ್ನು ಹೇಳುವ ಮರಾಠಿಯ ‘ಚಳವಳ’ದೊಡನೆ ಸಂಬಂಧವಿರುವ ಈ ಪದ, ಸ್ವಾತಂತ್ರ್ಯ ಹೋರಾಟದ ಕಾಲದಿಂದ ಇಡೀ ಕನ್ನಡನಾಡಿನ ರಾಜಕೀಯ ಶಬ್ದವಾಗಿ ನೆಲೆನಿಂತಿತು. ಶರದ್ ಜೋಶಿ ಅವರ ಮುಂದಾಳತನದಲ್ಲಿ 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತು, ಪೊಲೀಸರ ಗುಂಡಿಗೆ ರೈತರು ಬಲಿಯಾದಾಗ, ಕನ್ನಡದ ರೈತನೂ ಮರಾಠಿಯ ರೈತನೂ ಅದನ್ನು ಕರೆದದ್ದು ಇದೇ ಜೋಡಿದನಿಯ ಪದದಿಂದ.

ವಸ್ತುಗಳಿಗೆ ದನಿಯಿಂದಲೇ ಹೆಸರಿಡುವ ರೂಢಿ ಈ ಸೀಮೆಯಲ್ಲಿ ಬಲವಾಗಿದೆ. ಮೋಟಾರ್‌ಸೈಕಲ್ಲು ಬಂದೊಡನೆ ಅದು ಎರಡೂ ಭಾಷೆಗಳಲ್ಲಿ ಫಟಫಟಿಯಾಯಿತು. ಊರೂರಿಗೆ ಜನರನ್ನು ಹೊರುವ ಮೂರು ಗಾಲಿಯ ಗಾಡಿ ಟಂಟಂ ಆಯಿತು. ಮೀರಜಿನಿಂದ ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳ ಮೂಲಕ ಬೆಳಗಾವಿಯ ಕಡೆಗೆ ಹೋಗುವ ರೈಲು ಮರಾಠಿ ಮಕ್ಕಳಿಗೆ ಝುಕಝುಕ್ ಗಾಡಿಯಾದರೆ ಕನ್ನಡದ ಮಕ್ಕಳಿಗೆ ಚುಕುಬುಕು ರೈಲು. ಚುರಮುರಿ ಹಲ್ಲಿನ ನಡುವೆ ಏನೆನ್ನುತ್ತದೋ ಅದೇ ಅದರ ಹೆಸರು. ಬುಡಬುಡಕಿಯವನು ಕೈಯಲ್ಲಿರುವ ಪುಟ್ಟ ಡಮರುವಿನ ದನಿಯಿಂದ ಹೆಸರು ಪಡೆದವನು. ಲಾವಣಿಯ ಮೇಳದಲ್ಲಿ ಒಂಟಿ ತಂತಿಯ ವಾದ್ಯ ಕನ್ನಡದಲ್ಲಿ ತುಂತುಣಿ, ಮರಾಠಿಯಲ್ಲಿ ತುಣತುಣೆ. ಹಿಮ್ಮೇಳದವರು ಎತ್ತುವ ‘ಗೀ ಗೀ’ ಎಂಬ ಸೊಲ್ಲಿನಿಂದ ಕನ್ನಡದಲ್ಲಿ ಒಂದು ಪದ್ಯಪ್ರಕಾರವೇ ಗೀಗೀ ಪದವೆನಿಸಿತು. ಮರಾಠಿಯ ಪೋವಾಡದ ಹಿಮ್ಮೇಳ ‘ಜೀ ಜೀ’ ಎಂದು ದನಿಗೂಡಿಸುತ್ತದೆ. ಅರ್ಥವಿಲ್ಲದ ಈ ಎರಡು ಅಕ್ಷರಗಳ ಮೇಲೆ ರಾತ್ರಿಯಿಡೀ ಕಥೆಯನ್ನು ಹೊತ್ತು ನಡೆಸಿದ ಕಲಾವಿದರ ಸಾಧನೆಯನ್ನು ಕಾವ್ಯಚರಿತ್ರೆಗಳು ಇನ್ನೂ ವಿಸ್ತಾರವಾಗಿ ಬರೆಯಬೇಕಾಗಿದೆ.

ದನಿಯನ್ನೇ ಗುಣವೆಂದು ಬೆಲೆಕಟ್ಟಿದ ಕಸುಬು ಅಥಣಿ ಸೀಮೆಯ ಚಪ್ಪಲಿ ತಯಾರಿಕೆ. ಕೊಲ್ಲಾಪುರಿ ಎಂಬ ಹೆಸರಿನಿಂದ ಮಾರಾಟವಾಗುವ ಚಪ್ಪಲಿಗಳನ್ನು ಗಡಿಯ ಎರಡೂ ಬದಿಯ ಕುಶಲಕರ್ಮಿಗಳು ಮಾಡುತ್ತಾರೆ. 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಸೂಚಕದ ನೋಂದಣಿಯಲ್ಲಿ ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಗಿಡಮರಗಳ ತೊಗಟೆ, ಕಾಯಿಗಳಿಂದ ಹದಮಾಡಿದ ಚರ್ಮವನ್ನು ಪದರ ಪದರವಾಗಿ ಜೋಡಿಸಿ, ಚರ್ಮದ ದಾರದಿಂದಲೇ ಹೊಲಿದು ಅಟ್ಟೆ ಕಟ್ಟುವ ಈ ಕೆಲಸದಲ್ಲಿ, ಹೆಜ್ಜೆಯಿಟ್ಟಾಗ ಪದರಗಳು ಒಂದರ ಮೇಲೊಂದು ತಿಕ್ಕಿ ಕರಕರ ದನಿ ಹೊರಡಿಸುವಂತೆ ಮಾಡುವುದು ಹಿಂದಿನವರ ಒಂದು ವಿಶೇಷ ಕೌಶಲ. ದನಿ ಎದ್ದು ಕೇಳಲೆಂದು ಪದರಗಳ ನಡುವೆ ಬೀಜಗಳನ್ನಿಡುವ ಪದ್ಧತಿಯೂ ಇತ್ತು. ಧೋತರ ಉಟ್ಟ ಹಿರಿಯರು ಬರುವುದನ್ನು ಅವರ ಮುಖ ಕಾಣುವ ಮೊದಲೇ ಓಣಿಯು ಕಾಲಿನ ಕರಕರದಿಂದ ತಿಳಿಯುತ್ತಿತ್ತು. ಅದು ಕಿರಿಕಿರಿ ಆಗಕೂಡದು, ಕುರುಕುರು ಎಂಬಷ್ಟು ಸಣ್ಣದಾಗಲೂಬಾರದು, ಕರಕರವೇ ಆಗಬೇಕು. ಇ, ಉ, ಅ ಎಂಬ ಮೂರು ಸ್ವರಗಳ ಅಂತರದಲ್ಲಿ ಒಂದು ದನಿಯ ಗಾತ್ರವೂ ಅದನ್ನು ಕೇಳುವವರ ಮನಸ್ಸಿನ ಹಿತವೂ ಅಡಗಿವೆ.

ಈ ಸ್ವರಭೇದ, ವ್ಯಂಜನಭೇದಗಳು ಯಾದೃಚ್ಛಿಕವಲ್ಲ. ಕಿಣಿಕಿಣಿ ಎಂಬುದು ಚಿಕ್ಕ ಗೆಜ್ಜೆ, ಗಣಗಣ ಎಂಬುದು ಗುಡಿಯ ಗಂಟೆ. ಪಟಪಟ ಎಂದು ಹನಿ ಬೀಳುತ್ತದೆ, ದಬದಬ ಎಂದು ಹೊರೆ ಬೀಳುತ್ತದೆ. ಕ, ಟ, ಪ ಎಂಬ ಅಘೋಷ ವ್ಯಂಜನಗಳು, ಎಂದರೆ ಗಂಟಲಿನ ನಾದವಿಲ್ಲದೆ ಉಚ್ಚರಿಸುವ ಅಕ್ಷರಗಳು, ಹಗುರವಾದುದಕ್ಕೂ ಚಿಕ್ಕದಕ್ಕೂ ಸಲ್ಲುತ್ತವೆ. ಗ, ಡ, ಬ ಎಂಬ ಘೋಷಗಳು ಭಾರವಾದುದಕ್ಕೆ ಸಲ್ಲುತ್ತವೆ. ಜಪಾನೀ ಭಾಷೆಯಲ್ಲಿಯೂ ಚಿಕ್ಕ ಹರಳು ಉರುಳುವುದು ‘ಕೊರೊಕೊರೊ’, ದೊಡ್ಡ ಬಂಡೆ ಉರುಳುವುದು ‘ಗೊರೊಗೊರೊ’; ಇದು ನಂಟಿನ ಮಾತಲ್ಲ, ಮನುಷ್ಯರ ಕಿವಿಯ ಸಮಾನ ನ್ಯಾಯ. ಗಡಿಸೀಮೆಯ ಕನ್ನಡಕ್ಕೆ ಇದರ ಮೇಲೆ ಇನ್ನೊಂದು ಮೆಟ್ಟಿಲಿದೆ. ದ್ರಾವಿಡ ಭಾಷೆಗಳಿಗೆ ಮೂಲದಲ್ಲಿ ಮಹಾಪ್ರಾಣಗಳಿಲ್ಲ, ತೆಂಕಣ ಆಡುಗನ್ನಡದಲ್ಲಿ ಅವು ಹೆಚ್ಚಾಗಿ ಕರಗುತ್ತವೆ. ಆದರೆ ಮರಾಠಿಯ ಒಡನಾಟವುಳ್ಳ ಈ ಬಾಯಲ್ಲಿ ಖಣಖಣ, ಧಡಧಡ, ಫಡಫಡ, ಝುಂ, ಭಕ್ ಎಂಬ ಉಸಿರುದುಂಬಿದ ದನಿಗಳು ಗಟ್ಟಿಯಾಗಿ ಉಳಿದಿವೆ. ದಡ್ ಎಂದು ಬಿದ್ದದ್ದಕ್ಕಿಂತ ಧಡ್ ಎಂದು ಬಿದ್ದದ್ದು ಹೆಚ್ಚು ನೋವಿನದು. ಬರವಣಿಗೆಯಲ್ಲಿ ಅಲಂಕಾರದಂತೆ ತೋರುವ ಮಹಾಪ್ರಾಣಕ್ಕೆ ಇಲ್ಲಿ ಅಳತೆಯ ಕೆಲಸವಿದೆ.

ಆ ಅಳತೆಯ ಉಪಯೋಗ ಅತಿ ಹೆಚ್ಚಾಗಿ ಬೀಳುವುದು ನೋವನ್ನು ಹೇಳುವಾಗ. ತಲೆ ‘ಗಿರ್ ಅಂತೈತಿ’ ಎಂದರೆ ಬವಳಿ, ‘ಝುಂ ಅಂತೈತಿ’ ಎಂದರೆ ಭಾರ ಮತ್ತು ಮಂಕು. ಗಾಯ ‘ಚುರುಚುರು ಅಂತೈತಿ’ ಎಂದರೆ ಮೇಲಿನ ಉರಿ. ಕಣ್ಣು ‘ಕಿರಿಕಿರಿ’ ಎಂದರೆ ಒಳಗೆ ಕಸ ಸಿಕ್ಕಂಥ ಬಾಧೆ. ಚಳಿಜ್ವರದ ಮೈ ‘ಗಡಗಡ’. ಜಪಾನಿನ ಆಸ್ಪತ್ರೆಗಳಲ್ಲಿಯೂ ರೋಗಿಗಳು ತಲೆ ಬಡಿಯುವ ನೋವನ್ನು ‘ಗಂಗನ್’ ಎಂದೂ ಮಿಡಿಯುವ ನೋವನ್ನು ‘ಝುಕಿಝುಕಿ’ ಎಂದೂ ಚುಚ್ಚುವ ನೋವನ್ನು ‘ಚಿಕುಚಿಕು’ ಎಂದೂ ಹೇಳುತ್ತಾರೆ, ಮತ್ತು ವೈದ್ಯರಿಗೆ ಆ ಭೇದ ರೋಗನಿರ್ಣಯಕ್ಕೆ ನೆರವಾಗುತ್ತದೆ. ಚಿಕ್ಕೋಡಿ ಸೀಮೆಯ ದವಾಖಾನೆಗಳಲ್ಲಿ ನಾಡಿ ಹಿಡಿಯುವ ವೈದ್ಯರಿಗೂ ಇದು ಅಷ್ಟೇ ನಂಬತಕ್ಕ ಭಾಷೆ.

ಸಾಹಿತ್ಯದಲ್ಲಿ ಈ ಸೀಮೆಯ ಆಡುಮಾತಿಗೆ ಗೌರವದ ಜಾಗ ಕೊಟ್ಟವರಲ್ಲಿ ಶೇಡಬಾಳದ ಮಿರ್ಜಿ ಅಣ್ಣಾರಾಯರು ಮುಖ್ಯರು; ಅವರ ‘ನಿಸರ್ಗ’ ಕಾದಂಬರಿಯು ಕೃಷ್ಣಾತೀರದ ಒಕ್ಕಲು ಮನೆತನಗಳ ಬದುಕನ್ನು ಅಲ್ಲಿನದೇ ನುಡಿಯಲ್ಲಿ ಚಿತ್ರಿಸಿತು. ಶಾಲೆಯ ವ್ಯಾಕರಣ ಪಾಠದಲ್ಲಾದರೋ ಅನುಕರಣಾವ್ಯಯಕ್ಕೆ ನಾಲ್ಕು ಉದಾಹರಣೆಗಳ ಒಂದು ಸಾಲಷ್ಟೇ ಮೀಸಲು, ಮತ್ತು ಆ ನಾಲ್ಕೂ ಎಲ್ಲ ಊರಿನ ಶಾಲೆಗಳಲ್ಲಿ ಒಂದೇ. ಇತ್ತ, ದನಿಗಳನ್ನು ಹುಟ್ಟಿಸಿದ ವಸ್ತುಗಳೇ ಮರೆಯಾಗುತ್ತಿವೆ. ಎತ್ತುಗಳು ಎಳೆಯುವ ಚರ್ಮದ ಚೀಲದಿಂದ ಬಾವಿಯ ನೀರನ್ನು ಮೇಲೆತ್ತುವ ಕಪಿಲೆಯ, ಮರಾಠಿಯವರು ಮೋಟ್ ಎನ್ನುವ ಸಾಧನದ, ಗಾಲಿಯ ಕಿರ್ರ್ ಎಂಬ ದನಿಯನ್ನು ಪಂಪ್‌ಸೆಟ್ಟಿನ ಸದ್ದು ನುಂಗಿತು. ಬೀಸುವ ಕಲ್ಲಿನ ಘರಘರ, ಎರಡೂ ಭಾಷೆಗಳಲ್ಲಿ ಅದು ಘರಘರವೇ, ಹಿಟ್ಟಿನ ಗಿರಣಿಯ ಎದುರು ನಿಂತಿತು. ಎತ್ತಿನ ಗಾಣದ ಸದ್ದನ್ನು ಉಗಾರದಂಥ ಊರುಗಳ ಸಕ್ಕರೆ ಕಾರ್ಖಾನೆಗಳ ಯಂತ್ರಗಳು ಮರೆಸಿದವು. ಪದವು ವಸ್ತುವಿಗಿಂತ ಒಂದು ತಲೆಮಾರು ಹೆಚ್ಚು ಬಾಳುತ್ತದೆ, ಆ ತಲೆಮಾರು ಈಗ ಎಪ್ಪತ್ತು ದಾಟಿದೆ.

ಆದ್ದರಿಂದ ಸದಲಗಾ, ಶೇಡಬಾಳ, ಚಿಂಚಲಿ, ಯಡೂರು, ಮತ್ತು ಇಂಥ ನೂರಾರು ಊರುಗಳ ಶಾಲಾಶಿಕ್ಷಕರಲ್ಲಿ ಒಂದು ವಿನಂತಿ. ಅನುಕರಣಾವ್ಯಯದ ಪಾಠ ಬಂದ ದಿನ ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಯರ ಬಾಯಿಂದ ಇಪ್ಪತ್ತು ದನಿಗಳನ್ನು ಕೇಳಿ, ಕನ್ನಡದಲ್ಲಿ ಏನೆನ್ನುತ್ತಾರೆ, ಮರಾಠಿಯಲ್ಲಿ ಏನೆನ್ನುತ್ತಾರೆ, ಯಾವ ವಸ್ತುವಿನ ದನಿ, ಯಾವ ಹೊತ್ತಿನದು ಎಂದು ನಾಲ್ಕು ಗೆರೆ ಹಾಕಿ ಬರೆದು ತರಲಿ. ಅಂಥ ನೋಟುಬುಕ್ಕುಗಳನ್ನು ರದ್ದಿಗೆ ಹಾಕದೆ ಶಾಲೆಯ ಕಪಾಟಿನಲ್ಲಿ ಇರಿಸಬೇಕು.